ಡಿಸ್ಕ್ ಕಾಣುತ್ತಿಲ್ಲ ಎಂದರೆ, ಯಾರಿಗೆ ಕಾಣುತ್ತಿಲ್ಲ?

ಸರ್ವರ್ ಆನ್ ಆಗಿದೆ, ಫ್ಯಾನುಗಳು ತಿರುಗುತ್ತಿವೆ, ಲಾಗಿನ್ ಕೂಡ ಆಗುತ್ತದೆ. ಆದರೆ ನಿನ್ನೆಯವರೆಗೆ ಪಟ್ಟಿಯಲ್ಲಿದ್ದ ಹಾರ್ಡ್ ಡಿಸ್ಕ್ ಇವತ್ತು ಇಲ್ಲ. ಇಲ್ಲವೇ ಹೊಸದಾಗಿ ತಂದು ಹಾಕಿದ ಡಿಸ್ಕ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಕಾಣಿಸಿಕೊಳ್ಳುವುದಿಲ್ಲ. ಸಣ್ಣ ಆಫೀಸಾಗಲಿ, ನರ್ಸಿಂಗ್ ಹೋಮ್ ಆಗಲಿ, ಸಹಕಾರ ಸಂಘವಾಗಲಿ, ಆಗ ಕೇಳಿಬರುವ ಮೊದಲ ಮಾತು ‘ಡಿಸ್ಕ್ ಹೋಯ್ತು’ ಎಂಬುದೇ. ಆ ತೀರ್ಪಿನ ಬೆನ್ನಿಗೇ ಡಿಸ್ಕ್ ಬದಲಾಯಿಸುವ, ಫಾರ್ಮ್ಯಾಟ್ ಮಾಡುವ, ರೇಡ್ ಅನ್ನು (ಹಲವು ಡಿಸ್ಕ್‌ಗಳನ್ನು ಒಂದಾಗಿ ಹೆಣೆದ ಜೋಡಣೆಯನ್ನು) ಹೊಸದಾಗಿ ಕಟ್ಟುವ ಕೆಲಸಗಳು ಶುರುವಾಗುತ್ತವೆ. ಉಳಿಯಬಹುದಾಗಿದ್ದ ಡೇಟಾ ಕೈತಪ್ಪಿ ಹೋಗುವುದು ಈ ಹಂತದಲ್ಲೇ. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದ ಮಾತ್ರಕ್ಕೆ ಬೋರ್‌ವೆಲ್ ಬತ್ತಿತು ಎಂದು ಯಾರೂ ಹೇಳುವುದಿಲ್ಲ. ಕರೆಂಟು, ಸ್ಟಾರ್ಟರು, ಮೋಟರು, ವಾಲ್ವು, ಪೈಪು ಎಲ್ಲವನ್ನೂ ನೋಡಿದ ಮೇಲಷ್ಟೇ ಆ ಮಾತು. ಡಿಸ್ಕ್ ವಿಷಯದಲ್ಲೂ ನಾನು ಹೇಳಬೇಕೆಂದಿರುವುದು ಇಷ್ಟೇ: ಕಾಣದ ಡಿಸ್ಕ್ ಎಲ್ಲವೂ ಕೆಟ್ಟ ಡಿಸ್ಕ್ ಅಲ್ಲ. ಅದು ಯಾರಿಗೆ ಕಾಣುತ್ತಿಲ್ಲ, ಆಪರೇಟಿಂಗ್ ಸಿಸ್ಟಮ್‌ಗೋ, ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್‌ಗೋ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಪತ್ತೆಯಾಗುವ ತನಕ ಯಾವ ಡಿಸ್ಕ್ ಮೇಲೂ ಒಂದು ಬೈಟ್ ಕೂಡ ಬರೆಯಬಾರದು.

ಇದು ಅತಿ ಎಚ್ಚರಿಕೆಯ ಮಾತು ಎನಿಸಬಹುದು; ಆದರೆ ಇದರ ಹಿಂದೆ ಅಂಕಿಅಂಶಗಳಿವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಮತ್ತು ನೆಟ್‌ಆ್ಯಪ್ ಕಂಪನಿಯ ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 39,000 ಸ್ಟೋರೇಜ್ ವ್ಯವಸ್ಥೆಗಳಲ್ಲಿದ್ದ ಸುಮಾರು 18 ಲಕ್ಷ ಡಿಸ್ಕ್‌ಗಳ 44 ತಿಂಗಳ ದಾಖಲೆಯನ್ನು ಅವರು ಜಾಲಾಡಿದ್ದರು. ಸ್ಟೋರೇಜ್ ಕೈಕೊಟ್ಟ ಪ್ರಕರಣಗಳಲ್ಲಿ ಡಿಸ್ಕ್‌ನದೇ ತಪ್ಪು ಎನ್ನಬಹುದಾದವು, ವ್ಯವಸ್ಥೆಯ ದರ್ಜೆಗೆ ತಕ್ಕಂತೆ, ಶೇ. 20ರಿಂದ 55ರಷ್ಟು ಮಾತ್ರ. ಕೇಬಲ್ ಮುಂತಾದ ಸಂಪರ್ಕದ ಭಾಗಗಳ ಪಾಲು ಶೇ. 27ರಿಂದ 68. ‘ಅವು ಡೇಟಾ ಸೆಂಟರ್‌ಗಳ ದೊಡ್ಡ ವ್ಯವಸ್ಥೆಗಳು, ನಮ್ಮದು ಮೂಲೆಯಲ್ಲಿ ನಿಂತ ಒಂದೇ ಒಂದು ಟವರ್ ಸರ್ವರ್’ ಎಂದು ಯಾರಾದರೂ ಹೇಳಿದರೆ ಆ ಆಕ್ಷೇಪದಲ್ಲಿ ಹುರುಳಿದೆ. ಆ ಶೇಕಡಾವಾರು ಲೆಕ್ಕ ಇಲ್ಲಿಗೆ ಹಾಗೇ ಹೊಂದಬೇಕಿಲ್ಲ. ಆದರೆ ಸಂಶಯ ಪಡಬೇಕಾದ ಭಾಗಗಳು ಇಲ್ಲೂ ಅವೇ: ಡಿಸ್ಕ್, ಅದು ಕೂರುವ ಬ್ಯಾಕ್‌ಪ್ಲೇನ್, ಕೇಬಲ್, ಪವರ್ ಲೈನ್, ಕಂಟ್ರೋಲರ್ ಕಾರ್ಡ್, ಅದರ ಫರ್ಮ್‌ವೇರ್, ಡ್ರೈವರ್, ಕೊನೆಗೆ ಆಪರೇಟಿಂಗ್ ಸಿಸ್ಟಮ್. ಇವುಗಳಲ್ಲಿ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲದವು ಡಿಸ್ಕ್ ಬಿಟ್ಟು ಉಳಿದವು. ಅಗ್ಗದ, ಅಪಾಯವಿಲ್ಲದ ಪರೀಕ್ಷೆಯನ್ನು ಮೊದಲು ಮುಗಿಸುವುದಕ್ಕೆ ಶೇಕಡಾವಾರು ಲೆಕ್ಕವೇನೂ ಬೇಕಿಲ್ಲ.

ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕು? ಹೆಚ್ಚಿನವರು ಮೇಲ್ತುದಿಯಿಂದ, ಅಂದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಶುರು ಮಾಡುತ್ತಾರೆ. ಇನ್ನು ಕೆಲವರು ಕೆಳತುದಿಯಿಂದ, ಡಿಸ್ಕ್ ಹೊರಗೆಳೆಯುವುದರಿಂದಲೇ. ಎರಡಕ್ಕಿಂತಲೂ ನಡುವಿನಿಂದ, ಕಂಟ್ರೋಲರ್‌ನಿಂದ ಶುರು ಮಾಡುವುದು ಒಳ್ಳೆಯದು. ಕಂಟ್ರೋಲರ್‌ಗೆ ಡಿಸ್ಕ್ ಕಾಣುತ್ತಿದ್ದರೆ ಕೇಬಲ್, ಪವರ್, ಬ್ಯಾಕ್‌ಪ್ಲೇನ್ ಎಲ್ಲವೂ ಒಂದೇ ಏಟಿಗೆ ಬಹುಮಟ್ಟಿಗೆ ನಿರ್ದೋಷಿಗಳಾಗುತ್ತವೆ, ತೊಂದರೆ ಮೇಲಿನ ಅರ್ಧದಲ್ಲಿದೆ. ಕಾಣುತ್ತಿಲ್ಲವಾದರೆ ಡ್ರೈವರ್, ಪಾರ್ಟಿಷನ್ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಇದನ್ನು ನೋಡಲು ಸರ್ವರ್ ಅನ್ನು ಆಫ್ ಮಾಡಬೇಕಾಗಿಯೂ ಇಲ್ಲ. ಡೆಲ್ ಸರ್ವರ್‌ಗಳಲ್ಲಿ ಐಡ್ರಾಕ್, ಎಚ್‌ಪಿಇ ಸರ್ವರ್‌ಗಳಲ್ಲಿ ಐಎಲ್‌ಒ ಎಂಬ ಮೇಲ್ವಿಚಾರಣಾ ವ್ಯವಸ್ಥೆ ಆಪರೇಟಿಂಗ್ ಸಿಸ್ಟಮ್‌ನ ಹಂಗಿಲ್ಲದೆ ಯಾವ ಸ್ಲಾಟ್‌ನಲ್ಲಿ ಯಾವ ಡಿಸ್ಕ್ ಇದೆ ಎಂದು ತೋರಿಸುತ್ತದೆ. ಸ್ಟೋರ್‌ಸಿಎಲ್‌ಐ, ಪರ್ಕ್‌ಸಿಎಲ್‌ಐ, ಎಸ್‌ಎಸ್‌ಎಸಿಎಲ್‌ಐ ಮುಂತಾದ ಕಂಟ್ರೋಲರ್ ಉಪಕರಣಗಳು ಸರ್ವರ್ ನಡೆಯುತ್ತಿರುವಾಗಲೇ ಅದೇ ಪಟ್ಟಿಯನ್ನು ಕೊಡುತ್ತವೆ. ‘ಒಂದು ಸಲ ರೀಬೂಟ್ ಮಾಡಿ ನೋಡೋಣ’ ಎಂಬ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಲಿನಕ್ಸ್ ಕರ್ನಲ್ ಡಿಸ್ಕ್ ಕಳಚಿಕೊಂಡ ಕ್ಷಣದಲ್ಲಿ ಬರೆದ ಸಂದೇಶಗಳು ರೀಬೂಟ್ ಆದ ಮೇಲೆ ಸಿಗದೆ ಹೋಗಬಹುದು. ಮುಪ್ಪಿಗೆ ಬಂದ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ತಿರುಗದೆ ಉಳಿಯಲೂಬಹುದು. ಮೊದಲು ಲಾಗ್ ಅನ್ನು ಬೇರೆ ಕಂಪ್ಯೂಟರಿಗೆ ಉಳಿಸಿಕೊಳ್ಳಿ, ಕಂಟ್ರೋಲರ್‌ನ ಪರದೆಯ ಫೋಟೋ ತೆಗೆದಿಡಿ, ಆಮೇಲೆ ಉಳಿದದ್ದು.

ಕಂಟ್ರೋಲರ್‌ಗೆ ಡಿಸ್ಕ್ ಕಾಣುತ್ತಿದೆ, ಆಪರೇಟಿಂಗ್ ಸಿಸ್ಟಮ್‌ಗೆ ಕಾಣುತ್ತಿಲ್ಲ ಎಂದಿಟ್ಟುಕೊಳ್ಳೋಣ. ಹೊಸ ಡಿಸ್ಕ್ ಹಾಕಿದವರು ಎಡವುವ ಜಾಗ ಇದು, ಮತ್ತು ಇಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ರೇಡ್ ಕಾರ್ಡಿನ ಕೆಲಸವೇ ಬಿಡಿ ಡಿಸ್ಕ್‌ಗಳನ್ನು ಆಪರೇಟಿಂಗ್ ಸಿಸ್ಟಮ್‌ನಿಂದ ಮರೆಮಾಡಿ, ಅವುಗಳಿಂದ ಕಟ್ಟಿದ ವರ್ಚುವಲ್ ಡಿಸ್ಕ್ ಅನ್ನು ಮಾತ್ರ ಮುಂದಿಡುವುದು. ಹೊಸ ಡಿಸ್ಕ್ ಯಾವ ವರ್ಚುವಲ್ ಡಿಸ್ಕ್‌ಗೂ ಸೇರಿಲ್ಲದಿದ್ದರೆ ಅದು ಕಾರ್ಡಿನೊಳಗೇ ಸುಮ್ಮನೆ ಕೂತಿರುತ್ತದೆ. ಅದನ್ನು ಒಂದು ವರ್ಚುವಲ್ ಡಿಸ್ಕ್ ಆಗಿ ಕಟ್ಟಬೇಕು. ಇಲ್ಲವೇ ಕಾರ್ಡಿನಲ್ಲಿ ಸೌಲಭ್ಯವಿದ್ದರೆ ರೇಡ್ ಇಲ್ಲದೆ ನೇರವಾಗಿ ಹಾಯಿಸುವ ಮೋಡ್‌ಗೆ ಹಾಕಬೇಕು. ಇದಕ್ಕಿಂತ ಎಚ್ಚರ ಬೇಡುವ ಸ್ಥಿತಿ ಇನ್ನೊಂದಿದೆ. ಬೇರೆ ಸರ್ವರ್‌ನಿಂದ ತಂದ, ಅಥವಾ ಕಳಚಿ ಮತ್ತೆ ಹಾಕಿದ ಡಿಸ್ಕ್‌ನ ಎದುರು ಕಾರ್ಡು ‘ಫಾರಿನ್’ ಎಂದು ಬರೆಯುತ್ತದೆ. ಅರ್ಥ ಇಷ್ಟೇ: ಈ ಡಿಸ್ಕ್ ಮೇಲೆ ಒಂದು ರೇಡ್ ರಚನೆ ಬರೆದಿದೆ, ಅದು ನನ್ನ ದಾಖಲೆಗೆ ಹೊಂದುತ್ತಿಲ್ಲ. ಆಗ ಎರಡು ಆಯ್ಕೆಗಳು ಬರುತ್ತವೆ, ‘ಇಂಪೋರ್ಟ್’ ಮತ್ತು ‘ಕ್ಲಿಯರ್’. ಇಂಪೋರ್ಟ್ ಎಂದರೆ ಡಿಸ್ಕ್ ಮೇಲಿನ ರಚನೆಯನ್ನು ಒಪ್ಪಿಕೊಳ್ಳುವುದು. ಕ್ಲಿಯರ್ ಎಂದರೆ ಆ ರಚನೆಯ ವಿವರವನ್ನೇ ಅಳಿಸುವುದು. ಆ ವಿವರ ಹೋದರೆ ಯಾವ ಡಿಸ್ಕ್ ಎಷ್ಟನೆಯದು, ಡೇಟಾವನ್ನು ಯಾವ ಅಳತೆಯ ತುಂಡುಗಳಾಗಿ ಹಂಚಲಾಗಿತ್ತು ಎಂಬ ಲೆಕ್ಕವೂ ಹೋಗುತ್ತದೆ. ಕ್ಲಿಯರ್ ಒತ್ತಿದರೆ ಎಚ್ಚರಿಕೆಯ ಸಂದೇಶ ಮಾಯವಾಗಿ ಡಿಸ್ಕ್ ‘ಸರಿಯಾಗಿದೆ’ ಎಂದು ಕಾಣುವುದರಿಂದ ಅದನ್ನೇ ಒತ್ತುವ ಮನಸ್ಸಾಗುತ್ತದೆ. ಹಳೆಯ ಡೇಟಾ ಬೇಡ ಎಂಬ ಖಚಿತ ತೀರ್ಮಾನವಿಲ್ಲದೆ ಅತ್ತ ಕೈ ಹಾಕಬೇಡಿ. ಇಂಪೋರ್ಟ್‌ಗೂ ಮುನ್ನ, ಕಾರ್ಡು ತೋರಿಸುವ ಮುನ್ನೋಟದಲ್ಲಿ ಎಲ್ಲ ಡಿಸ್ಕ್‌ಗಳೂ ಲೆಕ್ಕಕ್ಕೆ ಬಂದಿವೆಯೇ ಎಂದು ನೋಡಿ.

ರಚನೆ ಸರಿಯಿದ್ದೂ ಡಿಸ್ಕ್ ಕಾಣದಿದ್ದರೆ ಮುಂದಿನ ಸಂಶಯ ಡ್ರೈವರ್ ಮೇಲೆ. ಅಪ್‌ಗ್ರೇಡ್ ಮಾಡಿದ ಮರುಗಳಿಗೆಯೇ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಮಾಯವಾದರೆ ಉತ್ತರ ಬಹುತೇಕ ಇಲ್ಲೇ ಇರುತ್ತದೆ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಅದುವರೆಗೆ ಸರಾಗವಾಗಿ ನಡೆಯುತ್ತಿದ್ದ ಹಲವು ಹಳೆಯ ಕಾರ್ಡುಗಳಿಗೆ ಬೆಂಬಲ ಕೈಬಿಟ್ಟಿತು; ಸಣ್ಣ ಸರ್ವರ್‌ಗಳಲ್ಲಿ ಬಹಳ ಬಳಕೆಯಲ್ಲಿದ್ದ ಎಲ್‌ಎಸ್‌ಐ ಎಸ್‌ಎಎಸ್2008 ಚಿಪ್ ಅವುಗಳಲ್ಲಿ ಒಂದು. 2020ರಲ್ಲಿ ವಿಎಂವೇರ್ ಇಎಸ್‌ಎಕ್ಸ್‌ಐ 7.0 ತನ್ನ ಹಳೆಯ ಡ್ರೈವರ್ ಪದ್ಧತಿಯನ್ನೇ ತೆಗೆದುಹಾಕಿದಾಗ ಇನ್ನಷ್ಟು ಕಾರ್ಡುಗಳು ಹೊರಗುಳಿದವು. ಕಾರ್ಡು ಸರಿಯಿದೆ, ಡಿಸ್ಕ್ ಸರಿಯಿದೆ, ನಡುವೆ ಮಾತಾಡಿಸುವವರಿಲ್ಲ. ಲಿನಕ್ಸ್‌ನಲ್ಲಿ ಇದನ್ನು ಗುರುತಿಸುವುದು ಸುಲಭ. ಎಲ್‌ಎಸ್‌ಪಿಸಿಐ ಆಜ್ಞೆಗೆ ‘-ಕೆ’ ಸೇರಿಸಿ ಕೊಟ್ಟರೆ ಕಾರ್ಡಿನ ಹೆಸರಿನ ಕೆಳಗೆ ಅದನ್ನು ನಡೆಸುತ್ತಿರುವ ಡ್ರೈವರ್‌ನ ಹೆಸರು ಬರಬೇಕು. ಕಾರ್ಡು ಇದ್ದು ಆ ಸಾಲು ಇಲ್ಲದಿದ್ದರೆ ಡ್ರೈವರ್ ಇಲ್ಲ ಎಂದೇ ಅರ್ಥ. ರೆಡ್ ಹ್ಯಾಟ್ ಬಳಗದವರಿಗೆ ಎಲ್‌ರೆಪೊ ಎಂಬ ಸಮುದಾಯ ಭಂಡಾರದಲ್ಲಿ ಇಂಥ ಹಳೆಯ ಕಾರ್ಡುಗಳ ಡ್ರೈವರ್‌ಗಳು ಸಿಗುತ್ತವೆ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪಟ್ಟಿ ಖಾಲಿ ಬಂದರೆ ಅದೇ ಪರದೆಯಲ್ಲಿರುವ ‘ಲೋಡ್ ಡ್ರೈವರ್’ ಮೂಲಕ ಸರ್ವರ್ ತಯಾರಕರ ಡ್ರೈವರ್ ಕೊಡಬೇಕು. ಇಂಟೆಲ್ ವಿಎಂಡಿ ಎಂಬ ಸೌಲಭ್ಯ ಆನ್ ಆಗಿರುವ ಯಂತ್ರಗಳಲ್ಲಿ ಎನ್‌ವಿಎಂಇ ಡಿಸ್ಕ್‌ಗಳು ಹೀಗೆ ಅಡಗಿರುವುದುಂಟು. ಅದನ್ನು ಬಯಾಸ್‌ನಲ್ಲಿ ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ, ನಿಜ. ಆದರೆ ಈಗಾಗಲೇ ನಡೆಯುತ್ತಿರುವ ಸರ್ವರ್‌ನಲ್ಲಿ ಆ ಕೆಲಸ ಮಾಡಿದರೆ ಇದ್ದ ಸಿಸ್ಟಮ್ ಬೂಟ್ ಆಗದೆ ಹೋಗಬಹುದು. ಹೊಸ ಇನ್‌ಸ್ಟಲೇಷನ್‌ಗೆ ಮಾತ್ರ ಅದು ಸರಿ.

ಆಪರೇಟಿಂಗ್ ಸಿಸ್ಟಮ್‌ಗೆ ಡಿಸ್ಕ್ ಕಾಣುತ್ತಿದ್ದು, ಬಳಕೆದಾರರಿಗೆ ಮಾತ್ರ ಕಾಣದ ಪ್ರಕರಣಗಳೂ ಇವೆ. ವಿಂಡೋಸ್ ಸರ್ವರ್ ತನ್ನ ನೀತಿಯ ಪ್ರಕಾರ ಕೆಲವು ಡಿಸ್ಕ್‌ಗಳನ್ನು ‘ಆಫ್‌ಲೈನ್’ ಇಟ್ಟಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಎಂದರೆ ಮುಗಿಯಿತು. ಆದರೆ ಅದೇ ಕಿಟಕಿ ಕೆಲವೊಮ್ಮೆ ತೆರೆಯುತ್ತಿದ್ದಂತೆಯೇ ‘ಡಿಸ್ಕ್ ಇನಿಶಿಯಲೈಸ್ ಮಾಡಬೇಕು’ ಎಂದು ಕೇಳುತ್ತದೆ, ಇಲ್ಲವೇ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ’ ಎನ್ನುತ್ತದೆ. ಡೇಟಾ ಇದ್ದ ಡಿಸ್ಕ್‌ಗೆ ಈ ಪ್ರಶ್ನೆ ಬಂದರೆ ಉತ್ತರ ಯಾವಾಗಲೂ ಕ್ಯಾನ್ಸಲ್. ಲಿನಕ್ಸ್‌ನಲ್ಲಿ ಇನ್ನೊಂದು ಬಗೆ: ಡಿಸ್ಕ್ ಇದೆ, ಹೆಸರು ಬದಲಾಗಿದೆ. ಹೊಸ ಕಾರ್ಡು ಅಥವಾ ಡಿಸ್ಕ್ ಸೇರಿಸಿದಾಗ ನಿನ್ನೆ ‘ಎಸ್‌ಡಿಬಿ’ ಆಗಿದ್ದದ್ದು ಇವತ್ತು ‘ಎಸ್‌ಡಿಸಿ’ ಆಗಬಹುದು, ಹಳೆಯ ಹೆಸರನ್ನೇ ನಂಬಿದ ಮೌಂಟ್ ಪಟ್ಟಿ ಆಗ ಮುಗ್ಗರಿಸುತ್ತದೆ. ಆ ಪಟ್ಟಿಯಲ್ಲಿ ಹೆಸರಿನ ಬದಲು ಯುಯುಐಡಿ ಎಂಬ ಬದಲಾಗದ ಗುರುತನ್ನು ಬರೆದರೆ ಈ ತಾಪತ್ರಯವಿಲ್ಲ.

ಇನ್ನು ಕಂಟ್ರೋಲರ್‌ಗೇ ಡಿಸ್ಕ್ ಕಾಣದ ಸ್ಥಿತಿ. ಇಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ಡಿಸ್ಕ್ ಕಾಣುತ್ತಿಲ್ಲ, ಅವು ಎಲ್ಲೆಲ್ಲಿವೆ ಎಂಬುದನ್ನು. ಒಂದು ಮಿನಿ ಎಸ್‌ಎಎಸ್ ಕೇಬಲ್ ಸಾಮಾನ್ಯವಾಗಿ ನಾಲ್ಕು ಲೇನ್ ಒಯ್ಯುತ್ತದೆ; ನೇರವಾಗಿ ಜೋಡಿಸಿದ ಬ್ಯಾಕ್‌ಪ್ಲೇನ್‌ನಲ್ಲಿ ಅದು ನಾಲ್ಕು ಸ್ಲಾಟ್‌ಗಳಿಗೆ ಹಂಚಿಹೋಗುತ್ತದೆ. ಸೊನ್ನೆಯಿಂದ ಮೂರರವರೆಗಿನ ನಾಲ್ಕು ಸ್ಲಾಟ್‌ಗಳು ಒಂದೇ ಸಲ ಕಣ್ಮರೆಯಾದರೆ ನಾಲ್ಕು ಡಿಸ್ಕ್‌ಗಳು ಒಂದೇ ಗಳಿಗೆಯಲ್ಲಿ ಸತ್ತವು ಎಂದು ನಂಬುವುದಕ್ಕಿಂತ ಒಂದು ಕೇಬಲ್ ಸಡಿಲವಾಯಿತು ಎಂದು ನಂಬುವುದು ಎಷ್ಟೋ ಮೇಲು. ಬ್ಯಾಕ್‌ಪ್ಲೇನ್‌ನ ಎಲ್ಲ ಡಿಸ್ಕ್‌ಗಳೂ ಹೋದರೆ ಬ್ಯಾಕ್‌ಪ್ಲೇನ್‌ಗೆ ಬರುವ ಪವರ್ ಅಥವಾ ಕಾರ್ಡು. ಒಂದೇ ಒಂದು ಹೋಗಿದ್ದರೆ ಆಗ ಡಿಸ್ಕ್, ಟ್ರೇ, ಆ ಸ್ಲಾಟ್‌ನ ಕನೆಕ್ಟರ್. ಟ್ರೇ ಎಂಬ ಈ ಸಾಧಾರಣ ವಸ್ತುವನ್ನು ಹತ್ತಿರದಿಂದ ನೋಡುವುದು ಲಾಭದಾಯಕ. ಡಿಸ್ಕ್ ಅನ್ನು ಟ್ರೇಗೆ ಬಿಗಿಯುವ ಸ್ಕ್ರೂಗಳು ತಪ್ಪು ತೂತಿಗೆ ಬಿದ್ದಿದ್ದರೆ ಡಿಸ್ಕ್ ತುಸು ಮುಂದೆ ಉಳಿಯುತ್ತದೆ. ಹಿಡಿಕೆ ಮುಚ್ಚಿಕೊಂಡಿರುತ್ತದೆ, ಹೊರಗಿನಿಂದ ನೋಡಿದರೆ ಎಲ್ಲ ಸರಿ. ಒಳಗೆ ಕನೆಕ್ಟರ್ ಅರ್ಧ ಮಾತ್ರ ಕೂತಿರುತ್ತದೆ. ಬೇರೆ ಕಂಪನಿಯ ಅಥವಾ ಬೇರೆ ಮಾದರಿಯ ಟ್ರೇ ಹಾಕಿದಾಗ ಹೀಗಾಗುವುದು ಹೆಚ್ಚು. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟ ಸರ್ವರ್‌ಗಳ ಕನೆಕ್ಟರ್‌ಗಳನ್ನಂತೂ ಟಾರ್ಚ್ ಹಿಡಿದೇ ನೋಡಬೇಕು: ತೇವ ಮತ್ತು ಉಪ್ಪು ಸೇರಿದಲ್ಲಿ ಲೋಹ ಮಸುಕಾಗುತ್ತದೆ, ಧೂಳು ಅಂಟುತ್ತದೆ. ತೆಗೆದು ಮತ್ತೆ ಹಾಕಿದ ಕೂಡಲೇ ಡಿಸ್ಕ್ ಕಾಣಿಸಿಕೊಂಡರೆ ‘ಸರಿಯಾಯಿತು’ ಎಂದು ಬಾಗಿಲು ಮುಚ್ಚಬೇಡಿ. ಆ ಕ್ರಿಯೆ ಕನೆಕ್ಟರ್ ಅನ್ನು ಒಮ್ಮೆ ಉಜ್ಜಿತು ಅಷ್ಟೆ, ಕಾರಣ ಅಲ್ಲೇ ಇದೆ. ಸಾಟಾ ಡಿಸ್ಕ್‌ಗಳಲ್ಲಿ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಮಾಹಿತಿಯ 199ನೇ ಸಾಲು ಕೇಬಲ್ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕವಿಡುತ್ತದೆ. ಆ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲು ಬದಲಾಗಬೇಕಾದದ್ದು ಕೇಬಲ್.

ಎಲ್ಲ ಬಿಗಿಯಾಗಿ ಕೂತಿದ್ದೂ ಕಾಣದಿದ್ದರೆ, ಡಿಸ್ಕ್ ಮತ್ತು ಅದನ್ನು ಜೋಡಿಸಿದ ಕಂಟ್ರೋಲರ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳಬೇಕು. ಸಾಟಾ ಡಿಸ್ಕ್ ಎಸ್‌ಎಎಸ್ ಕಂಟ್ರೋಲರ್‌ನಲ್ಲಿ ನಡೆಯುತ್ತದೆ, ಎಸ್‌ಎಎಸ್ ಡಿಸ್ಕ್ ಸಾಟಾ ಕಂಟ್ರೋಲರ್‌ನಲ್ಲಿ ನಡೆಯುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಅಡಾಪ್ಟರ್ ಹಾಕಿ ಅದನ್ನು ಕೂರಿಸಬಹುದು, ಮಾತಾಡಿಸಲಾಗದು. ನೋಡಲು ಒಂದೇ ಥರ ಇರುವ 2.5 ಇಂಚಿನ ಎನ್‌ವಿಎಂಇ ಡಿಸ್ಕ್ ಎಸ್‌ಎಎಸ್‌ಗೆಂದೇ ಮಾಡಿದ ಬ್ಯಾಕ್‌ಪ್ಲೇನ್‌ನಲ್ಲಿ ಕಾಣುವುದಿಲ್ಲ. ಎಂ.2 ಆಕಾರದ ಸಾಟಾ ಡಿಸ್ಕ್ ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ನಲ್ಲಿ ಕಾಣುವುದಿಲ್ಲ. ಅಳತೆಯ ಮಿತಿಯೂ ಒಂದಿದೆ: ಎಲ್‌ಎಸ್‌ಐ 1068ಇ ಚಿಪ್ಪಿನಂಥ ಹಳೆಯ ಕಂಟ್ರೋಲರ್‌ಗಳು ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಎಣಿಸುವುದರಿಂದ 512 ಬೈಟ್ ಸೆಕ್ಟರ್‌ನ ಲೆಕ್ಕದಲ್ಲಿ 2.2 ಟೆರಾಬೈಟ್‌ಗಿಂತ ಆಚೆಗೆ ಅವುಗಳ ಕಣ್ಣು ಹೋಗದು. 3 ಟೆರಾಬೈಟ್‌ನ ಡಿಸ್ಕ್ 746 ಜಿಬಿ ಎಂದು ಕಂಡರೆ ಡಿಸ್ಕ್ ನಕಲಿ ಎಂದು ಅಂಗಡಿಯವರ ಜತೆ ಜಗಳಕ್ಕೆ ಹೋಗಬೇಡಿ, 2.2 ಟೆರಾಬೈಟ್ ದಾಟಿ ಉಳಿದ ಶೇಷವದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಎಸ್‌ಎಎಸ್ ಡಿಸ್ಕ್ ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ದೊಡ್ಡ ಸ್ಟೋರೇಜ್ ಯಂತ್ರಗಳಿಂದ ಕಳಚಿದ ಡಿಸ್ಕ್‌ಗಳಲ್ಲಿ ಸೆಕ್ಟರ್ 512 ಬೈಟ್ ಬದಲು 520 ಬೈಟ್ ಇರುವುದುಂಟು. ಲಿನಕ್ಸ್ ಅದರ ಹೆಸರು ಓದುತ್ತದೆ, ಗಾತ್ರ ಸೊನ್ನೆ ಎನ್ನುತ್ತದೆ, ಲಾಗ್‌ನಲ್ಲಿ ಈ ಸೆಕ್ಟರ್ ಅಳತೆಗೆ ಬೆಂಬಲವಿಲ್ಲ ಎಂದು ಬರೆಯುತ್ತದೆ. ಎಸ್‌ಜಿ ಫಾರ್ಮ್ಯಾಟ್ ಎಂಬ ಉಪಕರಣದಿಂದ 512ಕ್ಕೆ ಬದಲಾಯಿಸಬಹುದು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಬಾರದು, ಡಿಸ್ಕ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಕೊಂಡು ತಂದ ಖಾಲಿ ಡಿಸ್ಕ್‌ಗೆ ಮಾತ್ರ ಈ ಮದ್ದು.

ಪವರ್ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಡಿಸ್ಕ್ ಅನ್ನು ‘ಡೆಡ್ ಆನ್ ಅರೈವಲ್’ ಎಂದು ವಾಪಸು ಕಳಿಸುವುದರ ಹಿಂದೆ ಇದು ಅಡಗಿರುತ್ತದೆ. 2016ರ ಸಾಟಾ 3.3 ನಿಯಮಾವಳಿಯಲ್ಲಿ ಡಿಸ್ಕ್ ಅನ್ನು ದೂರದಿಂದಲೇ ಆಫ್ ಮಾಡುವ ಸೌಲಭ್ಯ ಬಂತು. ಅದಕ್ಕೆ ಪವರ್ ಕನೆಕ್ಟರ್‌ನ 15 ಪಿನ್‌ಗಳಲ್ಲಿ ಮೂರನೆಯದನ್ನು ಬಳಸಿಕೊಂಡರು. ಆ ಪಿನ್‌ಗೆ 3.3 ವೋಲ್ಟ್ ಬರುತ್ತಿದ್ದರೆ ಡಿಸ್ಕ್ ಆಫ್ ಆಗಿಯೇ ಇರುತ್ತದೆ. ಹಳೆಯ ಪವರ್ ಸಪ್ಲೈಗಳಲ್ಲಿ ಅದೇ ಪಿನ್‌ನಲ್ಲಿ 3.3 ವೋಲ್ಟ್ ಸದಾ ಇರುತ್ತದೆ. ಫಲವಾಗಿ ಹೊಸ ಎಂಟರ್‌ಪ್ರೈಸ್ ಡಿಸ್ಕ್, ಅಥವಾ ಯುಎಸ್‌ಬಿ ಡಬ್ಬಿಯಿಂದ ಬಿಚ್ಚಿ ತೆಗೆದ ಡಿಸ್ಕ್, ಹಳೆಯ ಯಂತ್ರದಲ್ಲಿ ತಿರುಗುವುದೇ ಇಲ್ಲ. ಕಿವಿಯಿಟ್ಟರೆ ಸದ್ದಿಲ್ಲ, ಮುಟ್ಟಿದರೆ ಕಂಪನವಿಲ್ಲ. ಡೇಟಾ ಕನೆಕ್ಟರ್ ಇರುವ ಕಡೆಯಿಂದ ಎಣಿಸಿ ಮೂರನೆಯ ಪಿನ್ ಮೇಲೆ ಸಣ್ಣದಾಗಿ ಕತ್ತರಿಸಿದ ಕ್ಯಾಪ್ಟಾನ್ ಎಂಬ ವಿದ್ಯುತ್ ನಿರೋಧಕ ಟೇಪ್ ಅಂಟಿಸಿದರೆ, ಅಥವಾ 3.3 ವೋಲ್ಟ್ ಲೈನ್ ಇಲ್ಲದ ಕೇಬಲ್ ಬಳಸಿದರೆ, ಡಿಸ್ಕ್ ಎದ್ದು ಕೂರುತ್ತದೆ. ಅಚ್ಚು ಹೊಯ್ದ ಅಗ್ಗದ ಮೋಲೆಕ್ಸ್ ಅಡಾಪ್ಟರ್‌ಗಳು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ, ಅವುಗಳಿಂದ ದೂರವಿರಿ. ಎರಡನೆಯದು ಒಟ್ಟು ಶಕ್ತಿಯ ಲೆಕ್ಕ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟ್ ಲೈನ್‌ನಿಂದ ಸುಮಾರು 2 ಆ್ಯಂಪಿಯರ್ ಎಳೆಯುತ್ತದೆ. ಹನ್ನೆರಡು ಡಿಸ್ಕ್ ಒಟ್ಟಿಗೆ ಎದ್ದರೆ 24 ಆ್ಯಂಪಿಯರ್, ಅಂದರೆ 288 ವಾಟ್. ಆರು ಡಿಸ್ಕ್‌ವರೆಗೆ ಸುಖವಾಗಿದ್ದು ಏಳನೆಯದು ಹಾಕಿದ ಮೇಲೆ ಯಾವುದೋ ಒಂದು ಕಾಣೆಯಾಗುವ, ಅದೂ ಒಮ್ಮೊಮ್ಮೆ ಒಂದೊಂದು ಕಾಣೆಯಾಗುವ ಸರ್ವರ್‌ಗಳ ಗುಟ್ಟು ಹಲವೊಮ್ಮೆ ಇದೇ. ಡಿಸ್ಕ್‌ಗಳನ್ನು ಒಂದಾದ ಮೇಲೊಂದರಂತೆ ಎಬ್ಬಿಸುವ ಆಯ್ಕೆ ಕಂಟ್ರೋಲರ್‌ನಲ್ಲಿದ್ದರೆ ಆನ್ ಮಾಡಿ. ಇಲ್ಲದಿದ್ದರೆ ಪವರ್ ಸಪ್ಲೈ ಬದಲಾಗಬೇಕು.

ಇಷ್ಟೆಲ್ಲ ಆದ ಮೇಲೆ ದೋಷ ಡಿಸ್ಕ್‌ನದೋ ಸ್ಲಾಟ್‌ನದೋ ಎಂದು ನಿರ್ಧರಿಸುವ ಪರೀಕ್ಷೆ ಸರಳ: ಡಿಸ್ಕ್ ಅನ್ನು ಚೆನ್ನಾಗಿದೆ ಎಂದು ಗೊತ್ತಿರುವ, ಖಾಲಿ ಇರುವ ಸ್ಲಾಟ್‌ಗೆ ಹಾಕಿ. ತೊಂದರೆ ಡಿಸ್ಕ್ ಜತೆ ಹೋಯಿತೇ, ಹಳೆಯ ಸ್ಲಾಟ್‌ನಲ್ಲೇ ಉಳಿಯಿತೇ? ‘ಖಾಲಿ’ ಎಂಬುದನ್ನು ಒತ್ತಿ ಹೇಳುತ್ತೇನೆ. ರೇಡ್ 5ರಲ್ಲಿ ಒಂದು ಡಿಸ್ಕ್ ಆಗಲೇ ಹೊರಗಿದ್ದಾಗ ಪಕ್ಕದ ಒಳ್ಳೆಯ ಡಿಸ್ಕ್ ಅನ್ನು ಎಳೆದು ಜಾಗ ಅದಲುಬದಲು ಮಾಡಿದರೆ ಇಡೀ ರೇಡ್ ಕೆಳಗಿಳಿಯುತ್ತದೆ. ಸಂಶಯದ ಸ್ಲಾಟ್‌ಗೆ ಹೊಸ ಡಿಸ್ಕ್ ಹಾಕಿ ನೋಡುವುದೂ ನಿರಪಾಯವಲ್ಲ. ಹಲವು ಕಂಟ್ರೋಲರ್‌ಗಳು ಹೊಸ ಡಿಸ್ಕ್ ಕಂಡ ಕೂಡಲೇ ಹೇಳದೆ ಕೇಳದೆ ರೀಬಿಲ್ಡ್ ಶುರು ಮಾಡುತ್ತವೆ. ಎಳೆಯುವ ಮುನ್ನ ಕಂಟ್ರೋಲರ್‌ನಿಂದ ಆ ಸ್ಲಾಟ್‌ನ ದೀಪ ಮಿನುಗಿಸಿ, ಡಿಸ್ಕ್ ಮೇಲಿನ ಸೀರಿಯಲ್ ಸಂಖ್ಯೆಯನ್ನು ಪಟ್ಟಿಯೊಂದಿಗೆ ಹೋಲಿಸಿ. ಸ್ಲಾಟ್ ಎಣಿಕೆ ಎಡದಿಂದಲೋ ಮೇಲಿನಿಂದಲೋ, ಸೊನ್ನೆಯಿಂದಲೋ ಒಂದರಿಂದಲೋ ಎಂಬ ಗೊಂದಲದಲ್ಲಿ ತಪ್ಪು ಡಿಸ್ಕ್ ಕೈಗೆ ಬರುವುದು ಬಹಳ ಸುಲಭ.

ಇಲ್ಲಿ ಬಲವಾದ ಆಕ್ಷೇಪವೊಂದಕ್ಕೆ ಉತ್ತರ ಹೇಳಬೇಕು. ‘ಬಿಲ್ಲಿಂಗ್ ನಿಂತಿದೆ, ಜನ ಸಾಲಿನಲ್ಲಿ ಕಾಯುತ್ತಿದ್ದಾರೆ. ಇಷ್ಟೆಲ್ಲ ವಿಚಾರಣೆಗೆ ಪುರುಸೊತ್ತೆಲ್ಲಿ? ಹೊಸ ಡಿಸ್ಕ್ ಹಾಕಿ, ರೀಬಿಲ್ಡ್‌ಗೆ ಬಿಟ್ಟರಾಯಿತು.’ ರೇಡ್‌ನ ಉಳಿದ ಡಿಸ್ಕ್‌ಗಳೆಲ್ಲ ಸುಸ್ಥಿತಿಯಲ್ಲಿದ್ದು, ಕಂಟ್ರೋಲರ್ ಒಂದೇ ಡಿಸ್ಕ್ ಕೆಟ್ಟಿದೆ ಎಂದು ಸ್ಪಷ್ಟವಾಗಿ ಹೇಳುತ್ತಿದ್ದು, ಬ್ಯಾಕಪ್ ಇದ್ದು, ಕೈಯಲ್ಲಿ ಸರಿಯಾದ ಡಿಸ್ಕ್ ಇದ್ದರೆ ಈ ಮಾತು ಸರಿ. ರೇಡ್ ಇರುವುದೇ ಅದಕ್ಕೆ. ಆದರೆ ಕಾರಣ ಕೇಬಲ್ ಆಗಿದ್ದರೆ ಹೊಸ ಡಿಸ್ಕ್ ಕೂಡ ಅದೇ ದಾರಿ ಹಿಡಿಯುತ್ತದೆ, ಅದೂ ರೀಬಿಲ್ಡ್‌ನ ನಡುವೆ. ರೀಬಿಲ್ಡ್ ಎಂದರೆ ಉಳಿದ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ, ದೊಡ್ಡ ಡಿಸ್ಕ್‌ಗಳಲ್ಲಿ ಗಂಟೆಗಳಿಂದ ದಿನಗಳವರೆಗೆ ನಡೆಯುವ ಕೆಲಸ. ಎರಡು ಡಿಸ್ಕ್ ಒಟ್ಟಿಗೆ ಕಾಣೆಯಾಗಿ ರೇಡ್ 5 ಬಿದ್ದುಹೋದಾಗಂತೂ ಅವಸರದ ಬೆಲೆ ಎಲ್ಲಕ್ಕಿಂತ ಹೆಚ್ಚು. ಕೇಬಲ್ ಸರಿಮಾಡಿದರೆ ಎರಡೂ ಡಿಸ್ಕ್ ಡೇಟಾ ಸಮೇತ ವಾಪಸು ಬರಬಹುದು. ಆದರೆ ಅವುಗಳಲ್ಲಿ ಒಂದು ಮೊದಲೇ ಹೊರಬಿದ್ದದ್ದಾಗಿದ್ದರೆ ಅದರ ಡೇಟಾ ಹಳೆಯದು. ಅದನ್ನು ಬಲವಂತವಾಗಿ ಆನ್‌ಲೈನ್‌ಗೆ ತಂದರೆ ಹಳೆಯದೂ ಹೊಸದೂ ಕಲಸಿ ಫೈಲ್ ಸಿಸ್ಟಮ್ ಹಾಳಾಗುತ್ತದೆ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ ಪ್ರತಿ ಡಿಸ್ಕ್‌ನ ‘ಈವೆಂಟ್’ ಸಂಖ್ಯೆಯನ್ನು ಎಂಡಿಅಡ್ಮ್ ಎಂಬ ಉಪಕರಣದಿಂದ ಓದಿ ಯಾವುದು ಹಿಂದುಳಿದಿದೆ ಎಂದು ನೋಡಬಹುದು. ಇದ್ದ ರೇಡ್ ಮೇಲೆ ‘ಕ್ರಿಯೇಟ್’ ಆಜ್ಞೆ ಕೊಡುವುದು ಮಾತ್ರ ಕೊನೆಯ ಗಳಿಗೆಯಲ್ಲೂ ಬೇಡ. ಮೇಲೆ ಹೇಳಿದ ಮೊದಲ ಕೆಲವು ಹೆಜ್ಜೆಗಳಿಗೆ, ಅಂದರೆ ಲಾಗ್ ಉಳಿಸುವುದು, ಕಂಟ್ರೋಲರ್ ಪಟ್ಟಿ ನೋಡುವುದು, ಸ್ಲಾಟ್‌ಗಳ ವಿನ್ಯಾಸ ಗಮನಿಸುವುದು, ಇವಕ್ಕೆ ಅರ್ಧ ಗಂಟೆ ಸಾಕು. ಸಾಲಿನಲ್ಲಿ ನಿಂತವರು ಅರ್ಧ ಗಂಟೆ ಕಾಯಬಲ್ಲರು. ವರ್ಷಗಳ ಲೆಕ್ಕಪತ್ರ ಕಳೆದುಕೊಂಡ ಸಂಸ್ಥೆ ತಿಂಗಳುಗಟ್ಟಲೆ ಒದ್ದಾಡುತ್ತದೆ.

ಡಿಸ್ಕ್‌ನದೇ ತಪ್ಪು ಎಂದು ಸಾಬೀತಾದರೂ ಅದು ಯಂತ್ರಭಾಗದ ತಪ್ಪೇ ಆಗಬೇಕಿಲ್ಲ. 2009ರ ಜನವರಿಯಲ್ಲಿ ಸೀಗೇಟ್ ಕಂಪನಿಯ ಬರಾಕುಡಾ 7200.11 ಮಾಲಿಕೆಯ ಹಲವು ಡಿಸ್ಕ್‌ಗಳು ಆಫ್ ಮಾಡಿ ಆನ್ ಮಾಡಿದ ಮೇಲೆ ಬಯಾಸ್‌ಗೆ ಕಾಣದೆ ಹೋಗುವ ಫರ್ಮ್‌ವೇರ್ ದೋಷ ಬಯಲಾಯಿತು; ತಟ್ಟೆಗಳ ಮೇಲೆ ಡೇಟಾ ಹಾಗೇ ಇತ್ತು. 2019ರ ನವೆಂಬರ್‌ನಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ನಡೆದ ಮೇಲೆ ನಿಂತುಹೋಗುತ್ತವೆ, ಆಮೇಲೆ ಡೇಟಾ ಮರಳಿ ಸಿಗುವುದಿಲ್ಲ ಎಂದು ಎಚ್ಚರಿಸಿತು. 2020ರ ಮಾರ್ಚ್‌ನಲ್ಲಿ ಬೇರೆ ಕೆಲವು ಮಾದರಿಗಳಿಗೆ 40,000 ಗಂಟೆಯ ಎಚ್ಚರಿಕೆ ಬಂತು. ಒಂದೇ ದಿನ ಕೊಂಡು ಒಂದೇ ದಿನ ಆನ್ ಮಾಡಿದ ಡಿಸ್ಕ್‌ಗಳು ಒಂದೇ ದಿನ ಸಾಯುವ ಇಂಥ ದೋಷದ ಎದುರು ರೇಡ್ ನಿಷ್ಪ್ರಯೋಜಕ. ಕಾಪಾಡುವುದು ಸಮಯಕ್ಕೆ ಸರಿಯಾಗಿ ಹಾಕಿದ ಫರ್ಮ್‌ವೇರ್ ಮತ್ತು ಬೇರೆಡೆ ಇಟ್ಟ ಬ್ಯಾಕಪ್. ಮನೆಬಳಕೆಯ ಡಿಸ್ಕ್ ಅನ್ನು ರೇಡ್‌ಗೆ ಹಾಕಿದವರಿಗೆ ಇನ್ನೊಂದು ತೊಡಕಿದೆ: ಕೆಟ್ಟ ಸೆಕ್ಟರ್ ಸಿಕ್ಕಾಗ ಅಂಥ ಡಿಸ್ಕ್ ಅದನ್ನು ಓದಲು ಬಹಳ ಹೊತ್ತು ಹೆಣಗುತ್ತದೆ, ಅಷ್ಟರಲ್ಲಿ ತಾಳ್ಮೆಗೆಟ್ಟ ಕಂಟ್ರೋಲರ್ ಅದನ್ನು ಹೊರಹಾಕುತ್ತದೆ. ರೇಡ್‌ಗೆಂದು ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಬಿಟ್ಟು ವರದಿ ಒಪ್ಪಿಸುತ್ತವೆ.

ಹಾಗಾದರೆ ಡಿಸ್ಕ್ ನಿಜಕ್ಕೂ ಕೆಟ್ಟಿದೆ ಎಂದು ಒಪ್ಪಿಕೊಳ್ಳುವುದು ಯಾವಾಗ? ಬೇರೆ ಯಂತ್ರದಲ್ಲಿ, ಬೇರೆ ಕೇಬಲ್‌ನಲ್ಲಿ, 3.3 ವೋಲ್ಟ್ ತೊಡಕಿಲ್ಲದ ಪವರ್‌ನಲ್ಲಿ ಹಾಕಿದರೂ ತಿರುಗದಿದ್ದರೆ. ತಿರುಗಿ ಕಟ್ ಕಟ್ ಎಂಬ ಸದ್ದನ್ನು ಮತ್ತೆ ಮತ್ತೆ ಮಾಡಿ ನಿಂತರೆ. ಕಾಣಿಸಿಕೊಂಡರೂ ಸ್ಮಾರ್ಟ್‌ನ 5, 197, 198ನೇ ಸಾಲುಗಳ ಸಂಖ್ಯೆ ಏರುತ್ತಲೇ ಇದ್ದರೆ. ಸ್ಮಾರ್ಟ್ ಸುಮ್ಮನಿದೆ ಎಂದು ಡಿಸ್ಕ್ ಚೆನ್ನಾಗಿದೆ ಎನ್ನುವಂತೆಯೂ ಇಲ್ಲ: ಗೂಗಲ್ ಸಂಶೋಧಕರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಭ್ಯಸಿಸಿದಾಗ, ಕೆಟ್ಟವುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಇನ್ನೂ ಓದಲು ಸಿಗುತ್ತಿರುವ ಡಿಸ್ಕ್ ಆದರೆ ಅದರ ಮೇಲೆ ಯಾವ ರಿಪೇರಿ ಸಾಧನವನ್ನೂ ಓಡಿಸದೆ, ಮೊದಲು ಡಿಡಿರೆಸ್ಕ್ಯೂನಂಥ ಸಾಧನದಿಂದ ಇನ್ನೊಂದು ಡಿಸ್ಕ್‌ಗೆ ಪೂರ್ತಿ ಪ್ರತಿ ತೆಗೆಯಿರಿ. ಪ್ರಯೋಗಗಳೆಲ್ಲ ಆ ಪ್ರತಿಯ ಮೇಲಿರಲಿ. ಸದ್ದು ಮಾಡುವ ಡಿಸ್ಕ್ ಆದರೆ ಕೂಡಲೇ ಆಫ್ ಮಾಡಿ, ಡೇಟಾ ಬೇಕೇ ಬೇಕೆಂದಿದ್ದರೆ ರಿಕವರಿ ಲ್ಯಾಬ್‌ಗೆ ಕೊಡಿ. ಫ್ರೀಜರ್‌ನಲ್ಲಿಡುವುದು, ತಟ್ಟುವುದು, ಮುಚ್ಚಳ ಬಿಚ್ಚುವುದು, ಇವು ಯಾವುವೂ ಬೇಡ. ತಣ್ಣಗಾದ ಲೋಹದ ಮೇಲೆ ನೀರಹನಿ ಕೂರುತ್ತದೆ, ಬಿಚ್ಚಿದ ಡಿಸ್ಕ್‌ಗೆ ಧೂಳು ಬೀಳುತ್ತದೆ, ಎರಡೂ ಉಳಿದ ಅವಕಾಶವನ್ನು ಕಸಿಯುತ್ತವೆ.

ಈ ಲೇಖನ ಓದುತ್ತಿರುವ ಹೊತ್ತಿಗೆ ನಿಮ್ಮ ಸರ್ವರ್ ಚೆನ್ನಾಗಿ ನಡೆಯುತ್ತಿದ್ದರೆ ಒಂದು ಕೋರಿಕೆ. ಕಂಟ್ರೋಲರ್ ತೋರಿಸುವ ಪಟ್ಟಿಯಿಂದ ಪ್ರತಿ ಸ್ಲಾಟ್‌ನ ಡಿಸ್ಕ್‌ನ ಸೀರಿಯಲ್ ಸಂಖ್ಯೆ, ರೇಡ್‌ನ ಬಗೆ, ಫರ್ಮ್‌ವೇರ್ ಆವೃತ್ತಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸರ್ವರ್‌ನ ಮೇಲೆಯೇ ಅಂಟಿಸಿ. ಅದೇ ಮಾದರಿಯ ಒಂದು ಹೆಚ್ಚುವರಿ ಕೇಬಲ್ ತಂದಿಡಿ. ಬ್ಯಾಕಪ್‌ನಿಂದ ಒಂದು ಫೈಲನ್ನಾದರೂ ವಾಪಸು ತೆಗೆದು, ಅದು ತೆರೆಯುತ್ತದೆಯೇ ಎಂದು ಈ ವಾರವೇ ನೋಡಿ.